ಹಳೇ ಗುಂಡು, ಸಾಯದ ಮದ್ದು

ಕೋಟೇಶ್ವರದಿಂದ ಮೂಡಲಿಗೆ ಹೊರಟು ಬಸ್ರೂರು, ಕಂಡ್ಲೂರು, ಶಂಕರನಾರಾಯಣ, ಸಿದ್ದಾಪುರ ದಾಟಿದರೆ ಹೊಸಂಗಡಿ. ಅಲ್ಲಿಂದ ಬಾಳೆಬರೆ ಘಾಟಿ ಹತ್ತಿ, ಮಾಸ್ತಿಕಟ್ಟೆ ಕಳೆದು ಮುಂದೆ ಹೋದರೆ ನಗರ, ಅಂದರೆ ಹಳೆಯ ಬಿದನೂರು. 2002ರಲ್ಲಿ ಆ ಊರಿನ ಅಡಿಕೆ ತೋಟವೊಂದರ ಬಾವಿಯ ಹೂಳು ತೆಗೆಯುವಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಸುಮಾರು 160 ಇದ್ದವು. ಫಿರಂಗಿಯ ಶೆಲ್ ಇರಬೇಕೆಂದು ಅವನ್ನು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು. ಹಲವು ವರ್ಷ ಅವು ಶೆಲ್ ಎಂಬ ಹೆಸರಿನಲ್ಲೇ ಅಲ್ಲಿದ್ದವು. ಬಲ್ಲವರು ಬಂದು ನೋಡಿದ ಮೇಲೆ ತಿಳಿಯಿತು, ಅವು ಶೆಲ್ ಅಲ್ಲ, ಮೈಸೂರು ಸೈನ್ಯದ ರಾಕೆಟ್. 2018ರ ಜುಲೈಯಲ್ಲಿ ರಾಜ್ಯ ಪುರಾತತ್ವ ಇಲಾಖೆಯ 15 ಜನರ ತಂಡ ಮೂರು ದಿನ ಅಲ್ಲಿ ಅಗೆಯಿತು. ಒಣಗಿದ ಬಾವಿಯ ಮಣ್ಣು ಕೋವಿಮದ್ದಿನ ವಾಸನೆ ಹೊಡೆಯುತ್ತಿತ್ತು ಎಂದು ಇಲಾಖೆಯ ಸಹಾಯಕ ನಿರ್ದೇಶಕರಾಗಿದ್ದ ಆರ್. ಶೇಜೇಶ್ವರ ಆಗ ಹೇಳಿದ್ದರು. ಸಾವಿರಕ್ಕೂ ಹೆಚ್ಚು ರಾಕೆಟ್ ಮೇಲೆ ಬಂದವು.

ಸಂಗ್ರಹಾಲಯದಲ್ಲೇ ಹೆಸರು ತಪ್ಪಿತ್ತು ಅಂದಮೇಲೆ, ತೋಟದಲ್ಲಿ ಹೊಂಡ ತೋಡುವಾಗಲೋ ಕಾಡಿನಲ್ಲಿ ಸೌದೆಗೆ ಹೋದಾಗಲೋ ಇಂಥದ್ದು ಕಾಲಿಗೆ ತಗುಲಿದರೆ ನಮಗೆ ಗುರುತು ಸಿಗದೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಗುರುತು ಸಿಗದಿದ್ದಾಗ ನಾವು ಏನು ಮಾಡುತ್ತೇವೆ ಎಂಬುದು ನನ್ನ ಚಿಂತೆ. ಎತ್ತುತ್ತೇವೆ, ತೂಗಿ ನೋಡುತ್ತೇವೆ, ಕಲ್ಲಿಗೆ ಕುಟ್ಟಿ ಮಣ್ಣು ಉದುರಿಸುತ್ತೇವೆ. “ಹಳಿ ಕಬ್ಣ ಮಾರಾಯ್ರೆ, ಎಂತದೂ ಆತಿಲ್ಲೆ” ಎಂಬ ಮಾತನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಆ ಮಾತಿನ ಹಿಂದೆ ಇರುವ ನಂಬಿಕೆಗಳನ್ನು ಒಂದೊಂದಾಗಿ ತೆಗೆದು ನೋಡಬೇಕಾಗಿದೆ.

ತಪ್ಪು ಕಲ್ಪನೆ: “ನಮ್ಮ ಕಡೆ ಯುದ್ಧ ಎಲ್ಲಿ ನಡೆದಿತ್ತು? ಇಲ್ಲಿ ಮದ್ದುಗುಂಡು ಸಿಗುವುದು ಎಲ್ಲಿಂದ?”

ವಾಸ್ತವ: ಕುಂದಾಪುರ ಸೀಮೆ ಶಾಂತವಾದ ನಾಡು ಎಂಬುದು ಈಚಿನ ಇನ್ನೂರು ವರ್ಷಗಳ ಮಟ್ಟಿಗೆ ಸರಿ. ಅದಕ್ಕಿಂತ ಹಿಂದಕ್ಕೆ ಹೋದರೆ ಬಸ್ರೂರು ದೊಡ್ಡ ಬಂದರು. 16ನೇ ಶತಮಾನದಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿಕೊಂಡಿದ್ದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಓಡಿಸಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಬಸ್ರೂರನ್ನು ಸೂರೆ ಮಾಡಿದ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರ ಎಂದು ಹೆಸರಿಟ್ಟ. ಆ ಹೆಸರಿನ ಬಾಲವೇ ಇವತ್ತಿನ ‘ನಗರ’.

ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದ ವರ್ಷ 1783. ಆ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಕುಂದಾಪುರವನ್ನು ಹಿಡಿದು, ಹೊಸಂಗಡಿ ಘಾಟಿಯ ಕಾವಲುಗಳನ್ನು ಮುರಿದು, ಹೈದರಘಡದ ಕೋಟೆ ದಾಟಿ ಬಿದನೂರಿಗೆ ನುಗ್ಗಿದ. ಅಲ್ಲಿನ ಅಧಿಕಾರಿ ಮುತ್ತಿಗೆಯಿಲ್ಲದೆ ಊರನ್ನು ಒಪ್ಪಿಸಿಬಿಟ್ಟ. ಟಿಪ್ಪು ಸುಲ್ತಾನ ದೊಡ್ಡ ಸೈನ್ಯದೊಂದಿಗೆ ಬಂದು, ಏಪ್ರಿಲ್ ಕೊನೆಯ ಹೊತ್ತಿಗೆ ಅದನ್ನು ಮರಳಿ ಪಡೆದ. ಸೆರೆಯಾದ ಮ್ಯಾಥ್ಯೂಸ್ ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಸತ್ತ.

ಹೀಗೆ ನಾಲ್ಕು ತಿಂಗಳಲ್ಲಿ ಎರಡು ಸೈನ್ಯಗಳು ಫಿರಂಗಿ ಮದ್ದುಗುಂಡುಗಳನ್ನು ಹೇರಿಕೊಂಡು ಈ ನೆಲದ ಮೇಲೆ ಓಡಾಡಿದವು. ಮದ್ದುಗುಂಡು ಉಳಿಯುವುದು ಗುಂಡು ಹಾರಿದ ರಣರಂಗದಲ್ಲಿ ಮಾತ್ರವೇ ಅಲ್ಲ. ಬಂಡಿಯ ಅಚ್ಚು ಮುರಿದ ಘಾಟಿಯ ತಿರುವು, ಎತ್ತುಗಳು ಸೋತ ಏರು, ಹೊಳೆ ದಾಟುವ ಕಡವು, ಬಿಡಾರ ಹೂಡಿದ ಬಯಲು, ಮದ್ದಿನಮನೆಯ ಸುತ್ತಮುತ್ತ, ಇವೆಲ್ಲ ಅಂಥ ಜಾಗಗಳೇ. ನಗರದ ರಾಕೆಟ್‌ಗಳು ಸಿಕ್ಕಿದ್ದು ಯುದ್ಧದ ಬಯಲಿನಲ್ಲಿ ಅಲ್ಲ, ಬಾವಿಯಲ್ಲಿ. ಅಂದು ಕೈಹಾರೆಯಲ್ಲಿ ಒಂದೆರಡು ಮೊಳ ಅಗೆಯುತ್ತಿದ್ದ ಕಡೆ ಇವತ್ತು ಜೆಸಿಬಿ ಎರಡಾಳು ಆಳಕ್ಕೆ ಇಳಿಯುತ್ತದೆ. ಕಳೆದುಹೋದದ್ದು ಮತ್ತೆ ಮೇಲೆ ಬರುವ ಕಾಲ ಇದು.

ತಪ್ಪು ಕಲ್ಪನೆ: “ಗುಂಡಗಿದ್ದದ್ದೆಲ್ಲ ಫಿರಂಗಿ ಗುಂಡು.”

ವಾಸ್ತವ: ಗುಂಡಗಿರುವ ಕಲ್ಲು, ಕಬ್ಬಿಣ ನಮ್ಮ ಹಿತ್ತಲಲ್ಲಿ ಹತ್ತು ಬಗೆಯವು ಸಿಗುತ್ತವೆ. ಕಡೆಯುವ ಕಲ್ಲಿನ ಗುಂಡು ಮೊದಲನೆಯದು. ಹಳೇ ಮನೆ ಕೆಡವಿದ ಮೇಲೆ ಒರಳು ಒಂದು ಕಡೆ, ಗುಂಡು ಒಂದು ಕಡೆ ಆಗಿ ಮಣ್ಣು ಸೇರಿರುತ್ತದೆ. ಅದರ ಗುರುತು ಸುಲಭ. ಅದು ಚೆಂಡಿನಂತಲ್ಲ, ಮೊಟ್ಟೆಯಂತೆ. ಅರೆದು ಅರೆದು ಬುಡ ನುಣುಪಾಗಿರುತ್ತದೆ. ಹಿಡಿಕೆ ಸಿಕ್ಕಿಸುವ ಬಗೆಯದ್ದಾದರೆ ತಲೆಯಲ್ಲಿ ಕುಳಿಯಿರುತ್ತದೆ. ಫಿರಂಗಿಯ ಕಲ್ಲುಗುಂಡಿಗೆ ಹೀಗೆ ಬುಡ ತಲೆ ಎಂಬುದಿಲ್ಲ, ಸುತ್ತಲೂ ಒಂದೇ ತರಹದ ಚಾಣದ ಏಟು ಕಾಣುತ್ತದೆ.

ಕಬ್ಬಿಣದ ಚೆಂಡುಗಳಲ್ಲಿ ಗೊಂದಲ ಹೆಚ್ಚು. ಸಿಮೆಂಟು, ಅದಿರು ಅರೆಯುವ ಗಿರಣಿಗಳಲ್ಲಿ ಉಕ್ಕಿನ ಚೆಂಡುಗಳನ್ನು ತುಂಬಿ ತಿರುಗಿಸುತ್ತಾರೆ. ಸವೆದು ಹೋದವು ಗುಜರಿಯ ಮೂಲಕ ಎಲ್ಲೆಲ್ಲೋ ತಲುಪುತ್ತವೆ. ಶಾಲೆಯ ಗುಂಡೆಸೆತದ ಗುಂಡೂ ಹಾಗೆಯೇ. 10 ಸೆಂಟಿಮೀಟರ್ ಅಡ್ಡಳತೆಯ ಎರಕದ ಕಬ್ಬಿಣದ ಗಟ್ಟಿಗುಂಡು ಸುಮಾರು ಮೂರು ಮುಕ್ಕಾಲು ಕಿಲೋ ತೂಗುತ್ತದೆ, ಮಹಿಳೆಯರ ಗುಂಡೆಸೆತದ ಗುಂಡು 4 ಕಿಲೋ. ಎರಡನ್ನೂ ತುಕ್ಕು ಹಿಡಿಸಿ ಪಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ವ್ಯತ್ಯಾಸ ಹೇಳುವುದು ಕಷ್ಟ. ನಮ್ಮ ಕೆಂಪುಕಲ್ಲಿನ ನೆಲವೂ ಕಣ್ಣಿಗೆ ಮೋಸ ಮಾಡುತ್ತದೆ. ಕಬ್ಬಿಣದ ಅಂಶ ತುಂಬಿದ ಮಣ್ಣು ತಾನಾಗಿಯೇ ಉಂಡೆಗಟ್ಟಿ, ಕಪ್ಪುಗೆಂಪು ಬಣ್ಣದಲ್ಲಿ, ಗುಂಡಿನಂತೆಯೇ ಕಾಣುವುದುಂಟು.

ನಿಜವಾದ ಹಳೇ ಗುಂಡಿನಲ್ಲಿ ಎರಡು ಜಾತಿ. ಗಟ್ಟಿಗುಂಡು ಒಳಗೂ ಕಬ್ಬಿಣವೇ, ಬಡಿಯುವುದಷ್ಟೇ ಅದರ ಕೆಲಸ, ಎಂದೂ ಸಿಡಿಯುವುದಲ್ಲ. ವಿಜಯಪುರದ ಮಲಿಕ್-ಎ-ಮೈದಾನದಂಥ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಸುಮಾರು 55 ಟನ್ನಿನ ತೋಪಿನ ಕಾಲಕ್ಕೆ ಕಲ್ಲಿನ ಗುಂಡು, ಲೋಹದ ಗುಂಡುಗಳದ್ದೇ ರಾಜ್ಯ. ಎರಡನೆಯ ಜಾತಿ ಟೊಳ್ಳುಗುಂಡು. ಒಳಗೆ ಮದ್ದು ತುಂಬಿ, ಬಾಯಿಗೆ ಮರದ ಬತ್ತಿಕೊಳವೆ ಹೊಡೆದು ಹಾರಿಸುತ್ತಿದ್ದರು. ಹೊರಗಿನಿಂದ ಎರಡೂ ಒಂದೇ ಚೆಂಡು. ಟೊಳ್ಳುಗುಂಡಿಗೆ ಒಂದು ತೂತಿರುತ್ತದೆ, ಆದರೆ ಇನ್ನೂರು ವರ್ಷದ ತುಕ್ಕು, ಮಣ್ಣು ಸೇರಿ ತೂತು ಮುಚ್ಚಿ ಸಮತಟ್ಟಾಗಿರುತ್ತದೆ. ಗಾತ್ರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡಿದರೆ ಟೊಳ್ಳೋ ಗಟ್ಟಿಯೋ ತಿಳಿಯಬಹುದು, ನಿಜ. ಆದರೆ ತೂಗಬೇಕಾದರೆ ಎತ್ತಬೇಕು. ಎತ್ತಬಾರದ್ದು ಯಾವುದು ಎಂದು ತಿಳಿಯಲು ಎತ್ತಿ ನೋಡುವ ಪರೀಕ್ಷೆ ನಮ್ಮ ನಿಮ್ಮ ಕೈಗೆ ತಕ್ಕದ್ದಲ್ಲ. ಆದ್ದರಿಂದ ಬಲ್ಲವರು ಬಂದು ಬೇರೆ ಏನಾದರೂ ಹೇಳುವ ತನಕ ಪ್ರತಿಯೊಂದನ್ನೂ ಟೊಳ್ಳುಗುಂಡು ಎಂದೇ ಎಣಿಸಬೇಕು.

ತಪ್ಪು ಕಲ್ಪನೆ: “ಉದ್ದಗೆ ಕೊಳವೆಯಂತಿದ್ದರೆ ಅದು ಶೆಲ್.”

ವಾಸ್ತವ: ನಗರದಲ್ಲಿ ಆದ ತಪ್ಪು ಇದೇ. ಅದು ಯಾಕೆ ಆಯಿತು ಎಂದು ಯೋಚಿಸಿದರೆ ಗುರುತಿಸುವ ವಿದ್ಯೆಯ ಅರ್ಧ ಪಾಠ ಅಲ್ಲೇ ಇದೆ.

ರಾಕೆಟ್ ಎಂದರೆ ಬರೀ ಕೊಳವೆಯಲ್ಲ. ನಮ್ಮ ಭಾಷೆಯಲ್ಲಿ ‘ಬಾಣಬಿರುಸು’ ಎನ್ನುತ್ತೇವಲ್ಲ, ಆ ಬಾಣ ಎಂಬ ಮಾತೇ ಸರಿಯಾದದ್ದು. ಮದ್ದು ತುಂಬಿದ ಕೊಳವೆ, ಅದಕ್ಕೆ ಕಟ್ಟಿದ ಉದ್ದನೆಯ ದಂಡ, ಎರಡೂ ಸೇರಿದರೆ ಬಾಣ. ಇಂಗ್ಲೆಂಡಿನ ವೂಲಿಚ್‌ನ ವಸ್ತುಸಂಗ್ರಹಾಲಯಕ್ಕೆ ಸೇರಿದ ಎರಡು ಮೈಸೂರು ರಾಕೆಟ್‌ಗಳ ಅಳತೆಯನ್ನು ವಿಜ್ಞಾನಿ ರೊದ್ದಂ ನರಸಿಂಹ ದಾಖಲಿಸಿದ್ದಾರೆ. ಒಂದರ ಕೊಳವೆ 58 ಮಿಲಿಮೀಟರ್ ದಪ್ಪ, 254 ಮಿಲಿಮೀಟರ್ ಉದ್ದ, ಅದನ್ನು ಕಟ್ಟಿದ್ದು ಒಂದು ಮೀಟರಿನಷ್ಟು ಉದ್ದದ ಕತ್ತಿಯ ಅಲಗಿಗೆ. ಇನ್ನೊಂದು ಸಣ್ಣದು, 37 ಮಿಲಿಮೀಟರ್ ದಪ್ಪ, 198 ಮಿಲಿಮೀಟರ್ ಉದ್ದ, ಕಟ್ಟಿದ್ದು ಸುಮಾರು 1.9 ಮೀಟರಿನ ಬಿದಿರಿಗೆ.  ಬಾವಿಯ ಕೆಸರಿನಲ್ಲಿ ಬಿದಿರು ಉಳಿಯುವುದಿಲ್ಲ, ಕಟ್ಟಿದ ಚರ್ಮದ ಪಟ್ಟಿಯೂ ಉಳಿಯುವುದಿಲ್ಲ. ಉಳಿಯುವುದು ಒಂದು ಕಡೆ ಮುಚ್ಚಿದ ಕಬ್ಬಿಣದ ಕೊಳವೆ ಮಾತ್ರ. ಅದನ್ನು ಕಂಡವರಿಗೆ ಶೆಲ್ ಎಂದು ತೋರಿದ್ದು ಸಹಜ.

ವ್ಯತ್ಯಾಸ ಇರುವುದು ತಯಾರಿಯಲ್ಲಿ. ಶೆಲ್ಲನ್ನು ಎರಕ ಹೊಯ್ದು ದಪ್ಪ ಗೋಡೆಯದ್ದಾಗಿ ಮಾಡುತ್ತಾರೆ, ಒಡೆದು ಚೂರಾಗುವುದೇ ಅದರ ಉದ್ದೇಶ. ರಾಕೆಟ್ಟಿನದು ಬಡಿದು ಸುತ್ತಿದ ಮೆದುಕಬ್ಬಿಣದ ತೆಳುಗೋಡೆ. ಒಳಗಿನ ಹೊಗೆ, ಬೆಂಕಿ ಹಿಂದಿನ ಕಿರಿದಾದ ಬಾಯಿಂದ ರಭಸವಾಗಿ ಹೊರಬೀಳುವ ತನಕ ಒಡೆಯದೆ ತಡೆದುಕೊಳ್ಳುವುದು ಅದರ ಕೆಲಸ. ಯುರೋಪಿನಲ್ಲಿ ಆಗ ಕಾಗದದಂಥವುಗಳ ಕೊಳವೆಯೇ ಬಳಕೆಯಲ್ಲಿತ್ತು. ಮೈಸೂರಿನ ಕಮ್ಮಾರರು ಕಬ್ಬಿಣದಲ್ಲಿ ಮಾಡಿದ್ದರಿಂದ ಹೆಚ್ಚು ಒತ್ತಡ ತಡೆದು, ಹೆಚ್ಚು ದೂರ ಹಾರುವ ಬಾಣ ಸಿದ್ಧವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋದ ಮಾದರಿಗಳಿಂದ ಹುರುಪುಗೊಂಡು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಪಟ್ಟಣ ಸುಟ್ಟದ್ದರಲ್ಲಿ ಅದರ ಪಾಲೂ ಇತ್ತು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರಿನಲ್ಲಿ ಬಾಣ ಮಾಡುವ ಆ ಕಸುಬಿನ ನೆನಪು ಇನ್ನೂ ಉಳಿದಿದೆ.

ಇಷ್ಟು ದೊಡ್ಡ ಕತೆಗೆ ಸಾಕ್ಷಿಯಾಗಿ ದೂರದ ವೂಲಿಚ್‌ನ ಒಂದೆರಡು ಮಾದರಿಗಳನ್ನೇ ತೋರಿಸುತ್ತಿದ್ದ ಕಾಲದಲ್ಲಿ, ಶಿವಮೊಗ್ಗದಲ್ಲಿ 160 ರಾಕೆಟ್‌ಗಳು ಬೇರೆ ಹೆಸರಿನಲ್ಲಿ ಕೂತಿದ್ದವು. ನನಗೆ ಇದು ಬಹಳ ನೋವಿನ ಸಂಗತಿ. ಬಾವಿಯಲ್ಲಿ ಯಾವ ಪದರದಲ್ಲಿ ಇದ್ದವು, ಒಂದರ ಮೇಲೊಂದು ಜೋಡಿಸಿದ್ದರೋ ಸುರಿದಿದ್ದರೋ, ಜೊತೆಗೆ ಬೇರೆ ಏನಿತ್ತು, ಇಂಥ ಪ್ರಶ್ನೆಗಳಿಗೆ ಉತ್ತರ ಇರುವುದು ವಸ್ತುವಿನಲ್ಲಲ್ಲ, ಅದು ಬಿದ್ದಿದ್ದ ಜಾಗದಲ್ಲಿ. 2018ರಲ್ಲಿ ಸಿಕ್ಕವನ್ನು ಪುರಾತತ್ವದವರೇ ಅಗೆದು ತೆಗೆದರು. ಹೂಳಿನ ಜೊತೆ ಬುಟ್ಟಿಯಲ್ಲಿ ಮೇಲೆ ಬಂದದ್ದಕ್ಕೂ ಹಾಗೆ ಅಗೆದು ತೆಗೆದದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಚೂಪು ಮೂತಿಯ, ಸೊಂಟಕ್ಕೆ ತಾಮ್ರದ ಪಟ್ಟಿ ಇರುವ ಉದ್ದನೆಯ ಶೆಲ್ ಸಿಕ್ಕಿದರೆ ಅದು ಟಿಪ್ಪುವಿನದಾಗಲೀ ಕೆಳದಿ ಅರಸರದಾಗಲೀ ಆಗಿರಲು ಸಾಧ್ಯವಿಲ್ಲ. ನಳಿಗೆಯೊಳಗೆ ಸುರುಳಿ ಗೀರು ಕೊರೆದು ಶೆಲ್ಲನ್ನು ತಿರುಗಿಸಿ ಹಾರಿಸುವ ಫಿರಂಗಿಗಳು ಬಳಕೆಗೆ ಬಂದದ್ದೇ 1860ರ ಆಸುಪಾಸಿನಲ್ಲಿ. ತಾಮ್ರದ ಪಟ್ಟಿ ಅದಕ್ಕಿಂತಲೂ ಈಚಿನದು. ಹಿಂಬದಿಗೆ ರೆಕ್ಕೆಗಳಿರುವ ಮಾರ್ಟರ್ ಬಾಂಬ್ ಇನ್ನೂ ಹೊಸದು, ಮೊದಲ ಮಹಾಯುದ್ಧದ ಕಾಲದಿಂದ ಈಚಿನದು. ಇವನ್ನು ‘ಇತಿಹಾಸ’ ಎಂದು ಮನೆಗೆ ಹೊತ್ತು ತರುವವರು ಜೀವಂತ ಬಾಂಬನ್ನು ತರುತ್ತಿರಬಹುದು.

ತಪ್ಪು ಕಲ್ಪನೆ: “ಇಷ್ಟು ವರ್ಷ ನೀರಲ್ಲಿ, ಮಣ್ಣಲ್ಲಿ ಬಿದ್ದಿದೆ. ಮದ್ದು ಸತ್ತಿರುತ್ತದೆ.”

ವಾಸ್ತವ: ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಇದರಲ್ಲಿ ಕಾಲುಪಾಲು ಸತ್ಯವೂ ಸೇರಿರುವುದರಿಂದ ಜನ ಬೇಗ ಒಪ್ಪುತ್ತಾರೆ.

ಹಳೇ ಕರಿಮದ್ದು ಮೂರು ವಸ್ತುಗಳ ಮಿಶ್ರಣ. ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಪೆಟ್ಲುಪ್ಪು ನೀರಿನಲ್ಲಿ ಕರಗುತ್ತದೆ. ಹಾಗಾಗಿ ಕೊಳವೆ ತೂತು ಬಿದ್ದು ವರ್ಷಗಟ್ಟಲೆ ನೀರು ಹರಿದಾಡಿದ್ದರೆ ಒಳಗಿನ ಮದ್ದು ಸಪ್ಪೆಯಾಗುವುದು ಹೌದು. ಆದರೆ ಬಾಯಿ ತುಕ್ಕಿನಿಂದ ಗಟ್ಟಿಯಾಗಿ ಮುಚ್ಚಿಕೊಂಡಿದ್ದರೆ ಒಳಗೆ ನೀರು ಹೋಗದು, ಮದ್ದು ಇಟ್ಟ ಹಾಗೆಯೇ ಇರುತ್ತದೆ. ಬರೀ ಒದ್ದೆಯಾಗಿದ್ದ ಮದ್ದು ಒಣಗಿದರೆ ಮತ್ತೆ ಬೆಂಕಿ ಹಿಡಿಯಬಲ್ಲದು. ಕೊಡಿ ಹಬ್ಬದ ಹೊತ್ತಿನಲ್ಲಿ ಗರ್ನಾಲು ತಂಡಿ ಹಿಡಿದರೆ ಬಿಸಿಲಿಗೆ ಹರವುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹೊರಗಿನಿಂದ ನೋಡಿ ಇದು ಸಪ್ಪೆ, ಇದು ಜೀವಂತ ಎಂದು ಹೇಳುವ ಕಣ್ಣು ಯಾರಿಗೂ ಇಲ್ಲ.

ಅಮೆರಿಕದ ವರ್ಜೀನಿಯಾದಲ್ಲಿ 2008ರ ಫೆಬ್ರವರಿಯಲ್ಲಿ ಒಬ್ಬರು ತೀರಿಕೊಂಡರು. ಅಲ್ಲಿನ ಅಂತರ್ಯುದ್ಧದ ಗುಂಡುಗಳನ್ನು ಸ್ವಚ್ಛ ಮಾಡಿ ನಿಷ್ಕ್ರಿಯಗೊಳಿಸುವುದೇ ಅವರ ಕಸುಬು, ಅಂಥ ಸುಮಾರು 1600 ಗುಂಡುಗಳು ಅವರ ಕೈದಾಟಿ ಹೋಗಿದ್ದವು. ಕೊನೆಯದು 9 ಅಂಗುಲದ ನೌಕಾಪಡೆಯ ಟೊಳ್ಳುಗುಂಡು, 140 ವರ್ಷ ಹಳೆಯದು. ಒಳಗಿದ್ದದ್ದು ನಾನು ಮೇಲೆ ಹೇಳಿದ ಅದೇ ಕರಿಮದ್ದು. ಮನೆಯಂಗಳದಲ್ಲಿ ಕೆಲಸ ಮಾಡುವಾಗ ಅದು ಸಿಡಿಯಿತು. ಅದರ ಚೂರು ಸುಮಾರು ಕಾಲು ಮೈಲು ಹಾರಿ ಇನ್ನೊಂದು ಮನೆಯ ಜಗುಲಿಯನ್ನು ಸೀಳಿತು. ಸಾವಿರದಾರುನೂರು ಸಲ ಸರಿಯಾಗಿ ಮಾಡಿದ ಕೈ ಅದು.

ಈಚಿನ ಸಿಡಿಮದ್ದುಗಳದ್ದು ಇನ್ನೂ ಬೇರೆ ಕತೆ. ಟಿ.ಎನ್.ಟಿ. ನೂರು ವರ್ಷ ಮಣ್ಣಲ್ಲಿದ್ದರೂ ಹೆಚ್ಚು ಕೆಡುವುದಿಲ್ಲ. ಅದಕ್ಕಿಂತ ಹಿಂದೆ ಬ್ರಿಟಿಷರು ಲಿಡ್ಡೈಟ್ ಎಂದು ಕರೆದು ಶೆಲ್ಲುಗಳಿಗೆ ತುಂಬುತ್ತಿದ್ದ ಪಿಕ್ರಿಕ್ ಆಮ್ಲವಂತೂ ವರ್ಷ ಕಳೆದಂತೆ ಹೆಚ್ಚು ಅಪಾಯಕಾರಿಯಾಗಬಲ್ಲದು. ಸೀಸ, ತಾಮ್ರದಂಥ ಲೋಹ ಸೇರಿದರೆ ಸಣ್ಣ ಉಜ್ಜುವಿಕೆಗೂ ಸಿಡಿಯುವ ಹರಳುಗಳು ಅದರಿಂದ ಹುಟ್ಟುತ್ತವೆ. ಬೆಲ್ಜಿಯಂನ ಮೆಸಿನ್ ಬಳಿ 1917ರಲ್ಲಿ ನೆಲದಡಿ ಹೂತಿಟ್ಟು, ಹೊತ್ತಿಸದೆ ಬಿಟ್ಟ ಸಿಡಿಮದ್ದಿನ ಒಂದು ರಾಶಿ 1955ರಲ್ಲಿ ಗುಡುಗು ಸಿಡಿಲಿನ ವೇಳೆ ತಾನಾಗಿ ಸ್ಫೋಟಿಸಿತು. 38 ವರ್ಷ ಅದು ಒದ್ದೆ ಮಣ್ಣಿನೊಳಗೇ ಇತ್ತು. ಅಲ್ಲಿನ ರೈತರು ಇವತ್ತಿಗೂ ಉಳುವಾಗ ಸಿಕ್ಕ ಶೆಲ್ಲುಗಳಿಗಾಗಿ ಸೈನ್ಯದವರನ್ನು ಕರೆಯುತ್ತಾರೆ.

ತಪ್ಪು ಕಲ್ಪನೆ: “ಹಾರಿಬಂದು ಬಿದ್ದದ್ದು. ಸಿಡಿಯುವುದಿದ್ದರೆ ಆಗಲೇ ಸಿಡಿಯುತ್ತಿತ್ತು.”

ವಾಸ್ತವ: ತಿರುಗುಮುರುಗು. ಪೆಟ್ಟಿಗೆಯಲ್ಲಿರುವ ಶೆಲ್ಲಿಗೆ ಕಾವಲಿರುತ್ತದೆ. ಫಿರಂಗಿಯಿಂದ ಹೊರಡುವ ಜೋರಿಗೆ, ತಿರುಗುವ ವೇಗಕ್ಕೆ ಆ ಕಾವಲು ಕಳಚಿಕೊಂಡು ಫ್ಯೂಸ್ ಎಚ್ಚರಗೊಳ್ಳುತ್ತದೆ. ಬಿದ್ದಲ್ಲಿ ಸಿಡಿಯದೆ ಉಳಿದದ್ದು ಅಂದರೆ ಎಚ್ಚರಗೊಂಡು ಅರ್ಧದಲ್ಲಿ ನಿಂತದ್ದು. ಅದಕ್ಕೆ ಬೇಕಾದದ್ದು ಒಂದು ಅಲುಗಾಟ. ತಾಮ್ರದ ಪಟ್ಟಿಯ ಮೇಲೆ ಓರೆಯಾಗಿ ಸಾಲು ಗೀರುಗಳು ಬಿದ್ದಿದ್ದರೆ ಅದು ಹಾರಿಸಿದ ಶೆಲ್ ಎಂದು ಅರ್ಥ. ಅದನ್ನು ಕಂಡರೆ ಅಲ್ಲಿಂದಲೇ ಹಿಂದೆ ಸರಿಯಬೇಕು.

ಕಾರ್ಗಿಲ್ ಯುದ್ಧ ಮುಗಿದದ್ದು 1999ರಲ್ಲಿ. 2023ರ ಏಪ್ರಿಲಿನಲ್ಲಿ ಅಲ್ಲಿನ ಕುರ್ಬಥಾಂಗ್‌ನಲ್ಲಿ, ಮಕ್ಕಳು ಆಡುವ ಮೈದಾನದ ಬಳಿ, ಆ ಕಾಲದ ಶೆಲ್ಲೊಂದು ಸಿಡಿದು ಒಬ್ಬ ಹುಡುಗ ಸತ್ತ, ಇಬ್ಬರು ಗಾಯಗೊಂಡರು. ಯುದ್ಧದ ವರ್ಷ ಆ ಮಕ್ಕಳಾರೂ ಹುಟ್ಟಿರಲಿಲ್ಲ.

ತಪ್ಪು ಕಲ್ಪನೆ: “ತೊಳೆದು, ಉಜ್ಜಿ ನೋಡಿದರೆ ಗುರುತು ಸಿಗುತ್ತದೆ.”

ವಾಸ್ತವ: ಉಜ್ಜಿದರೆ ಗುರುತು ಹೋಗುತ್ತದೆ. ಹಳೇ ಕಬ್ಬಿಣದ ಮೇಲೆ ಎರಕದ ಅಚ್ಚು ಸೇರಿದ ಗೆರೆ, ಅಂಕಿ, ಕಮ್ಮಾರನ ಬಡಿತದ ಮಡಿಕೆ ಇದ್ದರೆ ಅದು ಇರುವುದು ತುಕ್ಕಿನ ಪದರದಲ್ಲೇ. ತಂತಿ ಬ್ರಷ್ಷಿಗೆ ಅದು ಪುಡಿಯಾಗಿ ಉದುರಿಹೋಗುತ್ತದೆ. ಇನ್ನು ಗ್ರೈಂಡರ್ ಹಿಡಿದರೆ ಕಿಡಿ, ಬಿಸಿ, ಅಲುಗಾಟ ಮೂರೂ ಒಟ್ಟಿಗೆ. ಬಣ್ಣ ನೋಡಿ ನಿರ್ಧರಿಸುವುದೂ ಸಲ್ಲ. ಹಳೇ ಬ್ರಿಟಿಷ್ ಪದ್ಧತಿಯ ಹಳದಿ, ಅಭ್ಯಾಸದ ಗುಂಡಿನ ನೀಲಿ ಇವೆಲ್ಲ ಗೋದಾಮಿನಲ್ಲಿ ಅರ್ಥ ಕೊಡುತ್ತವೆ, ಮಳೆಗಾಲ ಕಂಡ ಮಣ್ಣಿನಲ್ಲಿ ಅಲ್ಲ. ಅಭ್ಯಾಸದ ಗುಂಡಿನಲ್ಲೂ ಹೊಗೆ ಬರಿಸುವಷ್ಟು ಮದ್ದು ಇರುವುದುಂಟು, ಬೆರಳು ಹಾರಲು ಅಷ್ಟು ಸಾಕು.

ತಪ್ಪು ಕಲ್ಪನೆ: “ಗುಜರಿಗೆ ಹಾಕಿದರೆ ಮುಗಿಯಿತು.”

ವಾಸ್ತವ: ಗುಜರಿಗೆ ಹಾಕಿದರೆ ಅಪಾಯ ನಮ್ಮ ಅಂಗಳದಿಂದ ಬಡವರೊಬ್ಬರ ಕೈಗೆ ದಾಟುತ್ತದೆ. ತಾಮ್ರ, ಹಿತ್ತಾಳೆಯ ಆಸೆಗೆ ಸುತ್ತಿಗೆ ಎತ್ತುವವರು ಅವರೇ. ಅಲ್ಲಿ ತಪ್ಪಿದರೆ ಕುಲುಮೆ. 2004ರಲ್ಲಿ ಗಾಜಿಯಾಬಾದಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಹೊರದೇಶದಿಂದ ತರಿಸಿದ ಗುಜರಿಯೊಳಗೆ ಸೇರಿಕೊಂಡಿದ್ದ ಶೆಲ್ ಸಿಡಿದು ಹತ್ತು ಕಾರ್ಮಿಕರು ಸತ್ತರು.

ತಪ್ಪು ಕಲ್ಪನೆ: “ಕಾಡಲ್ಲಿ ಸಿಕ್ಕ ಮದ್ದೆಲ್ಲ ರಾಜರ ಕಾಲದ್ದು.”

ವಾಸ್ತವ: ಅಮಾಸೆಬೈಲು, ಸಿದ್ದಾಪುರ, ಹೊಸಂಗಡಿಯ ಕಾಡಂಚಿನಲ್ಲಿ ಓಡಾಡುವವರ ಕಾಲಿಗೆ ಸಿಗುವ ಸಂಭವ ಹೆಚ್ಚಿರುವುದು ಟಿಪ್ಪುವಿನ ಬಾಣವಲ್ಲ, ಹಂದಿಗೆ ಇಡುವ ಸಿಡಿಮದ್ದು. ನಿಂಬೆಹಣ್ಣಿನಷ್ಟು ಉಂಡೆ, ಮೇಲೆ ದಾರ ಅಥವಾ ಪ್ಲಾಸ್ಟಿಕ್ಕು ಸುತ್ತಿ, ಹಂದಿ ಬಾಯಿ ಹಾಕಲೆಂದು ತಿನಿಸಿನ ವಾಸನೆ ಹಚ್ಚಿರುತ್ತಾರೆ. ಕಚ್ಚಿದರೆ, ತುಳಿದರೆ ಸಿಡಿಯುತ್ತದೆ. ಮೇಯಲು ಹೋದ ದನ ದವಡೆ ಒಡೆದುಕೊಂಡು ಬಂದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಇಂಥ ಸಿಡಿಮದ್ದಿಗೆ ಬಾಯಿ ಕೊಟ್ಟು, ನೋವು ತಾಳಲಾರದೆ ಹೊಳೆಯಲ್ಲಿ ನಿಂತು ಸತ್ತದ್ದನ್ನು ದೇಶವೇ ನೋಡಿತು. ಚೆಂಡು ಸಿಕ್ಕಿತೆಂದು ಮಕ್ಕಳು ಎತ್ತಿಕೊಳ್ಳುವುದು ಇಂಥದ್ದನ್ನೇ. ಇದನ್ನು ಇಡುವವರು ಯಾರೆಂದು ಊರಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ಸುಮ್ಮನಿರುವುದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ.

ಸಮುದ್ರದ ಕಡೆಗೂ ಒಂದು ಎಚ್ಚರ. ಹಡಗುಗಳಿಂದ ಗುರುತಿಗೆಂದು ನೀರಿಗೆ ಬಿಡುವ ಹೊಗೆಡಬ್ಬಿಗಳು ತೇಲಿ ದಡಕ್ಕೆ ಬರುವುದು ಜಗತ್ತಿನ ಹಲವು ಕಡಲತೀರಗಳಲ್ಲಿ ನಡೆದಿದೆ. ಕೆಲವುಗಳಲ್ಲಿ ರಂಜಕ ಇರುತ್ತದೆ. ಒದ್ದೆ ಇರುವ ತನಕ ಸುಮ್ಮನಿದ್ದು, ಒಣಗಿದೊಡನೆ ಗಾಳಿಗೇ ಹೊತ್ತಿಕೊಳ್ಳುತ್ತದೆ. ಕೋಡಿ ಕಡಲಬದಿಯಲ್ಲಿ ವಾಕಿಂಗಿಗೆ ಹೋಗುವವರು ತಗಡಿನ ಡಬ್ಬಿ ಕಂಡರೆ ಕಾಲಿನಿಂದ ಮಗುಚುವುದು ಬೇಡ.

ತಪ್ಪು ಕಲ್ಪನೆ: “ಪೊಲೀಸರಿಗೆ ಹೇಳಿದರೆ ನಮ್ಮ ಮೇಲೆಯೇ ಕೇಸು. ಪುರಾತತ್ವದವರು ಬಂದರೆ ಜಾಗವೇ ಹೋಯಿತು.”

ವಾಸ್ತವ: ಜನ ಬಾಯಿ ಬಿಡದೇ ಇರಲು ಮುಖ್ಯ ಕಾರಣ ಈ ಹೆದರಿಕೆ. ಕಾನೂನು ಹಿಡಿಯುವುದು ಬಚ್ಚಿಟ್ಟವರನ್ನು. ಸಿಡಿಮದ್ದನ್ನು ಮನೆಯಲ್ಲಿ ಇಟ್ಟುಕೊಂಡರೆ 1908ರ ಸ್ಫೋಟಕ ವಸ್ತುಗಳ ಕಾಯ್ದೆ ಇದೆ. ನೆಲದಲ್ಲಿ ಸಿಕ್ಕ ಬೆಲೆಬಾಳುವ ಪುರಾತನ ವಸ್ತುವನ್ನು ತಿಳಿಸದೆ ಮಾರಿದರೆ 1962ರ ಕರ್ನಾಟಕದ ನಿಧಿ ಕಾಯ್ದೆಯಡಿ ಉತ್ತರ ಹೇಳಬೇಕಾಗುತ್ತದೆ. ಸಿಕ್ಕಿದೆ ಎಂದು ತಾನಾಗಿ ಬಂದು ಹೇಳಿದವರು ಮಾಡಿದ್ದು ಕಾನೂನು ಕೇಳುವ ಕೆಲಸವನ್ನೇ.

ಇನ್ನು ಜಾಗ. ಒಂದು ಗುಂಡು ಸಿಕ್ಕಿತೆಂದು ತೋಟ ಸರ್ಕಾರದ್ದಾಗುವುದಿಲ್ಲ. ಒಂದು ತಾಣವನ್ನು ಸಂರಕ್ಷಿತವೆಂದು ಘೋಷಿಸಲು ಅಧಿಸೂಚನೆ ಹೊರಡಬೇಕು, ಆಕ್ಷೇಪ ಹೇಳಲು ಕಾಲಾವಕಾಶ ಕೊಡಬೇಕು, ಅದು ಬೇರೆಯೇ ಪ್ರಕ್ರಿಯೆ. ನಗರದ ಸಾವಿರ ರಾಕೆಟ್ ಲೋಕಕ್ಕೆ ತಿಳಿದದ್ದು ಬಾವಿಯ ವಿಷಯವನ್ನು ಬಚ್ಚಿಡದೆ ಇದ್ದದ್ದರಿಂದ.

ಹಾಗಾದರೆ ಕಂಡಾಗ ಮಾಡಬೇಕಾದದ್ದು ಏನು? ಜೆಸಿಬಿ ಕೆಲಸ ನಡೆದಿದ್ದರೆ ಮೊದಲು ಅದನ್ನು ನಿಲ್ಲಿಸಿ. ಬಕೆಟ್ಟಿನಲ್ಲಿ ಬಂದಿದ್ದರೆ ಬಕೆಟ್ಟನ್ನು ಅಲ್ಲಾಡಿಸದೆ ಚಾಲಕನನ್ನು ಇಳಿಸಿ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ, ಯಾಕೆಂದರೆ ಒಂದು ಇದ್ದಲ್ಲಿ ಇನ್ನೊಂದು ಇರಬಹುದು. ದೂರದಿಂದಲೇ ಫೋಟೊ ತೆಗೆಯಿರಿ, ಪಕ್ಕದ ಮರವೋ ಬೇಲಿಯ ಕಂಬವೋ ಅದರಲ್ಲಿ ಸೇರಿರಲಿ, ಗಾತ್ರದ ಅಂದಾಜು ಸಿಗುತ್ತದೆ. ಕೋಲಿಗೆ ಬಟ್ಟೆ ಕಟ್ಟಿ ಗುರುತು ನಿಲ್ಲಿಸಿ, ಮಕ್ಕಳು, ದನ, ನಾಯಿ ಆ ಕಡೆ ಹೋಗದಂತೆ ಒಬ್ಬರನ್ನು ಕಾಯಲು ಹೇಳಿ. ಆಮೇಲೆ 112. ಪೊಲೀಸರು ಬಾಂಬ್ ನಿಷ್ಕ್ರಿಯ ದಳವನ್ನು ಕರೆಸುತ್ತಾರೆ. ಅಪಾಯವಿಲ್ಲ ಎಂದು ಅವರು ಹೇಳಿದ ಮೇಲೆ, ವಸ್ತು ಹಳೆಯದಾಗಿದ್ದರೆ, ಪುರಾತತ್ವ ಇಲಾಖೆಗೂ ತಿಳಿಸುವಂತೆ ಕೇಳಿಕೊಳ್ಳಿ. ಇದನ್ನು ಕೇಳುವುದನ್ನು ಮರೆಯಬೇಡಿ.

ಬಸ್ರೂರು, ಕುಂದಾಪುರ, ಗಂಗೊಳ್ಳಿಯ ಹಳೇ ಮನೆಗಳವರಲ್ಲಿ ಇನ್ನೊಂದು ಕೋರಿಕೆ. ನಿಮ್ಮ ಚಾವಡಿಯಲ್ಲಿ ಬಾಗಿಲಿಗೆ ಒತ್ತು ಕೊಡಲು, ಹುಲ್ಲಿನ ಮೇಲೆ ಭಾರ ಇಡಲು ಅಜ್ಜನ ಕಾಲದಿಂದ ಒಂದು ಕಬ್ಬಿಣದ ಗುಂಡು ಇದ್ದರೆ, ಇದುವರೆಗೆ ಏನೂ ಆಗಿಲ್ಲ ಎಂಬ ಧೈರ್ಯದಲ್ಲಿ ಇರಬೇಡಿ. ಅದನ್ನು ಎತ್ತಿಕೊಂಡು ಠಾಣೆಗೂ ಹೋಗಬೇಡಿ. ಇದ್ದಲ್ಲೇ ಬಿಟ್ಟು, ಮಕ್ಕಳನ್ನು ಆ ಕೋಣೆಯಿಂದ ಹೊರಗಿಟ್ಟು, ಇವತ್ತೇ ಒಂದು ಫೋನ್ ಮಾಡಿ.